ತೇಗಿನಲ್ಲಿ ಹೋಗುವ ಮೇವು



ಈಚೆಗೆ ಸಂಘದ ಸಭೆಯೊಂದರಲ್ಲಿ ಅಕ್ಕ ಒಬ್ಬರು ಕೇಳಿದರು: "ಹಿಂಡಿಗೆ ದುಡ್ಡು, ಮದ್ದಿಗೆ ದುಡ್ಡು. ಇನ್ನು ದನದ ತೇಗು ಕಡಿಮೆ ಮಾಡುವ ಪುಡಿಗೂ ನಾವೇ ಕೊಡಬೇಕಾ ಡಾಕ್ಟ್ರೇ?" ನ್ಯಾಯವಾದ ಪ್ರಶ್ನೆ.

ದನದ ಹೊಟ್ಟೆಯ ದೊಡ್ಡ ಚೀಲದಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕರಗಿಸುವಾಗ ಮೀಥೇನ್ ಅನಿಲ ಹುಟ್ಟಿ, ತೇಗಿನ ಮೂಲಕ ಹೊರಬರುತ್ತದೆ. ಅದು ಭೂಮಿಯ ಬಿಸಿ ಏರಿಸುತ್ತದೆ. ನಮಗೂ ನಷ್ಟವಿದೆ: ತಿಂದ ಮೇವಿನ ಶಕ್ತಿಯಲ್ಲಿ ಶೇ. 12ರವರೆಗೂ ಹೀಗೆ ಗಾಳಿಪಾಲಾಗಬಹುದು.

ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದಕ್ಕಾಗಿ 'ಹರಿತ್ ಧಾರಾ' ಎಂಬ ಪೂರಕ ಆಹಾರ ಸಿದ್ಧಪಡಿಸಿದೆ. ಅದರಲ್ಲಿರುವುದು ಗಿಡಮರಗಳ ಟ್ಯಾನಿನ್. ಅಡಿಕೆಗೆ, ಹುಣಸೆಬೀಜದ ಸಿಪ್ಪೆಗೆ ಒಗರು ಕೊಡುವ ಅಂಶ. ಮೀಥೇನ್ ಶೇ. 17ರಿಂದ 20ರಷ್ಟು ಇಳಿಯುತ್ತದೆ, ಹಾಲೂ ಹೆಚ್ಚುತ್ತದೆ ಎಂದು ಸಂಸ್ಥೆ ಹೇಳಿದೆ.

ಹಾಗೆಂದು ಒಗರಿನ ಸಿಪ್ಪೆ, ಸೊಪ್ಪು ಅರೆದು ಅಕ್ಕಚ್ಚಿಗೆ ಬೆರೆಸಬೇಡಿ. ಟ್ಯಾನಿನ್ ಮಿತಿಮೀರಿದರೆ ಹಿಂಡಿಯ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ದನ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಮೂರು ತಿಂಗಳೊಳಗಿನ ಕರುಗಳಿಗಂತೂ ಹರಿತ್ ಧಾರಾ ಸಲ್ಲದು. ಅವುಗಳ ಮೆಲುಕಿನ ಚೀಲ ಆಗಿನ್ನೂ ಬಲಿತಿರುವುದಿಲ್ಲ.

ಬರೀ ಬೈಹುಲ್ಲು ತಿನ್ನುವ ದನಕ್ಕೆ ಯಾವ ಪುಡಿಯೂ ಪವಾಡ ಮಾಡದು. ಹಸಿಹುಲ್ಲು, ಅಳತೆಯ ಹಿಂಡಿ, ಖನಿಜ ಮಿಶ್ರಣ, ಹಟ್ಟಿಯಲ್ಲಿ ಸದಾ ಕುಡಿಯುವ ನೀರು, ಹೊತ್ತಿಗೆ ಸರಿಯಾಗಿ ಜಂತುಹುಳದ ಮದ್ದು ಇವು ಮೊದಲು. ಇಷ್ಟರಿಂದಲೇ ದನದ ಹಾಲು ಹೆಚ್ಚಿದರೆ, ಒಂದೊಂದು ಲೀಟರ್ ಹಾಲಿನ ಲೆಕ್ಕಕ್ಕೆ ಬರುವ ಮೀಥೇನ್ ತಾನಾಗಿ ಇಳಿಯುತ್ತದೆ.

ಇನ್ನು ಅಕ್ಕನ ಪ್ರಶ್ನೆಗೆ ನನ್ನ ಉತ್ತರ. ಗಾಳಿ ಎಲ್ಲರದ್ದು, ಅದನ್ನು ಶುದ್ಧವಾಗಿಡುವ ಖರ್ಚು ಮುಂಜಾನೆ ಎದ್ದು ಹಾಲು ಕರೆಯುವ ಹೆಂಗಸಿನ ಮೇಲೆ ಮಾತ್ರ ಬೀಳಬಾರದು. ಇಂಥ ಪೂರಕವನ್ನು ಬೇರೆ ಪ್ಯಾಕೆಟ್‌ನಲ್ಲಿ ಮಾರುವ ಬದಲು, ಸರಿಯಾದ ಪ್ರಮಾಣದಲ್ಲಿ ಪಶು ಆಹಾರದ ಚೀಲದಲ್ಲೇ ಬೆರೆಸಿ ಕೊಡುವುದು ಒಳ್ಳೆಯದು. ಮೊದಲು ಕೆಲವು ಸಂಘಗಳಲ್ಲಿ ಕೊಟ್ಟು, ಹಾಲಿನ ಅಳತೆ, ಕೊಬ್ಬಿನಂಶ ನೋಡಿ ಮುಂದುವರಿಯಲಿ. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಒಕ್ಕೂಟ ಮತ್ತು ಸರ್ಕಾರ ಹಂಚಿಕೊಳ್ಳಲಿ.

ಮುಂದಿನ ಮಹಾಸಭೆಯಲ್ಲಿ ಈ ಮಾತನ್ನು ನೀವೇ ಎತ್ತಬೇಕು. ಅಲ್ಲಿಯವರೆಗೆ ಯಾರಾದರೂ ಮನೆಬಾಗಿಲಿಗೆ ಪುಡಿ ತಂದರೆ, ಕೊಳ್ಳುವ ಮುನ್ನ ನಮಗೊಂದು ಫೋನ್ ಮಾಡಿ.