ಎದ್ದೇಳಿ ಅಜ್ಜಿ, ಇದು ಫೋಟೋಗೆ ಹಾಕಿರೋ ಎಲೆ

ಫೆಲೋಶಿಪ್ ಹಣ ಐದು ತಿಂಗಳಿಂದ ಬಂದಿರಲಿಲ್ಲ. ಹಾಗಾಗಿ ಶನಿವಾರ ಭಾನುವಾರ ಡೆಕೋರೇಷನ್ ಮಾಡುವವರೊಬ್ಬರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಆ ಭಾನುವಾರ ನಜರ್‌ಬಾದಿನ ಒಂದು ಹಾಲ್‌ನಲ್ಲಿ ಸೀಮಂತ. ಥೀಮ್ 'ಅಜ್ಜಿ ಮನೆ'. ಬಾಡಿಗೆಗೆ ತಂದ ಒರಳುಕಲ್ಲು, ಹಿತ್ತಾಳೆ ಕೊಳಗ, ಮೊರ, ಲಾಟೀನು, ಹಿಂದೆ ಚೆಂಡುಹೂವಿನ ಪರದೆ. ನೆಲದ ಮೇಲೆ ಮಣೆಗಳು, ಮುಂದೆ ಗಿಡ್ಡ ಮೇಜು, ಅದರ ಮೇಲೆ ಐದು ಬಾಳೆಲೆಗಳಲ್ಲಿ ತುಂಬು ಊಟ. ಅನ್ನದ ಗುಡ್ಡೆ ಕುಸಿಯಬಾರದೆಂದು ಒಳಗೊಂದು ಬಟ್ಟಲು ಕವುಚಿದ್ದೆವು. ಪಲ್ಯ ಹೊಳೆಯಲೆಂದು ಬ್ರಷ್‌ನಲ್ಲಿ ಎಣ್ಣೆ ಸವರಿದ್ದೆವು.

ಹನ್ನೊಂದರ ಸುಮಾರಿಗೆ ನಿಜವಾದ ಅಜ್ಜಿ ಬಂದರು. ಬಸುರಿಯ ತಾಯಿಯ ತಾಯಿ. ತಿ. ನರಸೀಪುರದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟವರು. ಎಲೆ ಹಾಕಿದೆ, ಬಡಿಸಿಯೂ ಆಗಿದೆ. ಕೈ ತೊಳೆದು ಬಂದು ಮಣೆಯ ಮೇಲೆ ಕೂತುಬಿಟ್ಟರು. ಫೋಟೋಗ್ರಾಫರ್ ನನ್ನ ಕಡೆ ನೋಡಿದ. ನಾನೇ ಹೋಗಿ ಹೇಳಿದೆ: "ಎದ್ದೇಳಿ ಅಜ್ಜಿ, ಇದು ಫೋಟೋಗೆ ಹಾಕಿರೋ ಎಲೆ."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದರು. "ಎದ್ದೆ ಬಿಡವ್ವ. ಎಲೆ ಮುಂದಿಂದ ಎದ್ದೇಳದು ನಮಗೇನು ಹೊಸದಾ?" ಎಂದು ನಕ್ಕರು.

ಆ ನಗು ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಬರಹಕ್ಕೆ ಕಾರಣ ಅದೇ.

ಅಲಂಕಾರವೇ ಬೇಡ ಎನ್ನುವ ಸಂನ್ಯಾಸದ ಮಾತನ್ನು ನಾನು ಆಡುತ್ತಿಲ್ಲ. ಮೈಸೂರಿನವರಿಗೆ ಅಲಂಕಾರವನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ದಸರೆಯಲ್ಲಿ ಮನೆಮನೆಯಲ್ಲೂ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆಯಿಂದ ಹಿಡಿದು ಪುಟ್ಟ ಮೃಗಾಲಯದವರೆಗೆ ಜೋಡಿಸುವುದು ಇಂದಿನ ಯಾವ ಸ್ಟೈಲಿಸ್ಟ್‌ನ ಕೆಲಸಕ್ಕೂ ಕಡಿಮೆಯಲ್ಲ. ನಜರ್‌ಬಾದ್ ಮುಖ್ಯರಸ್ತೆಯಲ್ಲೇ ರಾಮ್ಸನ್ಸ್ ಕಲಾ ಪ್ರತಿಷ್ಠಾನದ 'ಬೊಂಬೆ ಮನೆ' ಇದೆ. ದಸರೆಯ ಹೊತ್ತಿನಲ್ಲಿ ಜನ ನೋಡಲು ಹೋಗುತ್ತಾರೆ. ಆದರೆ ಮನೆಯ ಗೊಂಬೆಗೆ ಒಂದು ನಿಯಮವಿತ್ತು. ಸಂಜೆ ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗಿದರೆ ಒಳಗೆ ಕರೆಯಬೇಕು, ತೋರಿಸಬೇಕು, ಕೈಗೆ ತಿಂಡಿ ಹಾಕಬೇಕು. ಬಂದವರಿಗಾಗಿ ಆ ಅಲಂಕಾರ ಇತ್ತು. ಈಗಿನ ಅಲಂಕಾರಕ್ಕೆ ಬಂದವರು ಅಡ್ಡಿ. "ಸ್ವಲ್ಪ ಫ್ರೇಮಿಂದ ಈಚೆ ಬನ್ನಿ" ಎಂಬುದು ಇವತ್ತಿನ ಸಮಾರಂಭಗಳಲ್ಲಿ ನೆಂಟರಿಗೆ ಸಿಗುವ ಮೊದಲ ಉಪಚಾರ.

ಬಾಳೆಲೆಯನ್ನೇ ತೆಗೆದುಕೊಳ್ಳಿ. ತುದಿ ಉಣ್ಣುವವರ ಎಡಕ್ಕೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲಿನ ಅರ್ಧದಲ್ಲಿ. ಅನ್ನ ಕೆಳಗೆ, ಕೈಗೆ ಹತ್ತಿರ. ಉಣ್ಣುವ ಬಲಗೈ ಮಾಡಿಕೊಂಡ ಏರ್ಪಾಡು ಇದು. ಅದರ ಚೆಂದ ಹುಟ್ಟಿರುವುದೇ ಉಪಯೋಗದಿಂದ. ನಾವು ಹಾಕಿದ್ದ ಐದು ಎಲೆಗಳಲ್ಲಿ ಎರಡರ ತುದಿ ಬಲಕ್ಕಿತ್ತು, ಕ್ಯಾಮೆರಾಕ್ಕೆ ಎರಡೂ ಬದಿ ಸಮನಾಗಿ ಕಾಣಲೆಂದು. ಉಣ್ಣುವವರೇ ಇಲ್ಲದ ಮೇಲೆ ಎಡವೇನು, ಬಲವೇನು?

ಇಲ್ಲಿ ಒಂದು ಸುಲಭದ ಹಾದಿ ಇದೆ: ಹಿಂದಿನ ಕಾಲವೇ ಚೆನ್ನಾಗಿತ್ತು ಎಂದುಬಿಡುವುದು. ಆ ಹಾದಿಯನ್ನು ಅಜ್ಜಿಯ ಮಾತು ಮುಚ್ಚಿಹಾಕಿತು. ಹಿಂದಿನ ಕಾಲದಲ್ಲಿ ಎಲೆಯ ಮುಂದಿನಿಂದ ಎಬ್ಬಿಸುತ್ತಿದ್ದುದು ಜಾತಿ. ಹಿಂದಿನ ಕಾಲವಷ್ಟೇ ಅಲ್ಲ. 2014ರಲ್ಲಿ ಉಡುಪಿಯ ಕೃಷ್ಣಮಠದಲ್ಲಿ ಊಟಕ್ಕೆ ಕೂತಿದ್ದ ಮಹಿಳೆಯೊಬ್ಬರನ್ನು ಪಂಕ್ತಿಯಿಂದ ಎಬ್ಬಿಸಿದರೆಂಬ ಸುದ್ದಿ ನಾಡಿನಲ್ಲೆಲ್ಲ ಚರ್ಚೆಯಾಯಿತು. 'ಅಜ್ಜಿ ಮನೆ' ಎಂಬ ಥೀಮ್ ಕೊಡುವವರು ಯಾವ ಅಜ್ಜಿ, ಯಾವ ಮನೆ ಎಂದು ಕೇಳುವುದಿಲ್ಲ. ಎಲ್ಲ ಅಜ್ಜಿಯರ ಮನೆಯಲ್ಲೂ ಹಿತ್ತಾಳೆ ಕೊಳಗ ಇರಲಿಲ್ಲ. ನಾನು ಎಬ್ಬಿಸಿದ ಅಜ್ಜಿಗೆ ಆ ಒರಳು ನೆನಪಿಸಿದ್ದು ಪರರ ಮನೆಯಲ್ಲಿ ರುಬ್ಬಿದ್ದನ್ನೇ ಇರಬಹುದು. ಥೀಮ್ ಎಂದರೆ ನೋವನ್ನು ಉಜ್ಜಿ ತೊಳೆದು ಹೊಳಪು ಕೊಟ್ಟ ನೆನಪು.

ಮೇಜಿಗೂ ಚರಿತ್ರೆ ಇದೆ, ಅದೂ ಇದೇ ನಜರ್‌ಬಾದಿನಲ್ಲಿ. ಇಂದಿನ ಸರ್ಕಾರಿ ಅತಿಥಿಗೃಹ ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ರೆಸಿಡೆಂಟರಿಗೆಂದು ಕಟ್ಟಿದ ಮನೆ. ಅದಕ್ಕೆ ಡಿ ಹ್ಯಾವಿಲೆಂಡ್ ಎಂಬ ಎಂಜಿನಿಯರ್ ಕಂಬಗಳಿಲ್ಲದ ದೊಡ್ಡ ಔತಣದ ಹಜಾರ ಸೇರಿಸಿದ. ಇಲ್ಲಿಂದ ಬೆಟ್ಟದ ಕಡೆಗೆ ಹೋದರೆ ಲಲಿತಮಹಲ್. 1921ರಲ್ಲಿ ವೈಸರಾಯ್ ಬಂದರೆ ಇಳಿದುಕೊಳ್ಳಲೆಂದು ಮಹಾರಾಜರು ಕಟ್ಟಿಸಲು ತೊಡಗಿದ್ದು. ಅಲ್ಲಿಯ ಮೇಜುಗಳು ಹೊಟ್ಟೆ ತುಂಬಿಸಿದ್ದಕ್ಕಿಂತ ಹೆಚ್ಚಾಗಿ ದೊರೆತನವನ್ನು ತೋರಿಸಿದವು. ಆಮೇಲೆ ಮೇಜು ಕುರ್ಚಿ ಸಾಮಾನ್ಯರ ಮದುವೆಗೂ ಬಂದಾಗ, ಪಂಕ್ತಿಯ ಭಯ ಕಂಡವರಿಗೆ ಅದೊಂದು ಬಿಡುಗಡೆ. ಎಲ್ಲಿ ಬೇಕಾದರೂ ಕೂರಬಹುದು, ಯಾರೂ ಎಬ್ಬಿಸುವುದಿಲ್ಲ. ಅಷ್ಟು ಕಷ್ಟದಿಂದ ಸಿಕ್ಕ ಕುರ್ಚಿಯನ್ನು ನಾವು ಮತ್ತೆ ಪ್ರದರ್ಶನಕ್ಕೆ ಒಪ್ಪಿಸಿದ್ದೇವೆ. ರೆಸಿಡೆಂಟರ ಔತಣದಿಂದ ನಾವು ಕಲಿತದ್ದು ತೋರಿಕೆಯನ್ನು ಮಾತ್ರ.

"ಇದರಿಂದ ಎಷ್ಟೋ ಜನರ ಹೊಟ್ಟೆ ತುಂಬುತ್ತದೆ" ಎನ್ನುತ್ತಾರೆ. ನಿಜ, ನನ್ನ ಹೊಟ್ಟೆಯೂ ತುಂಬಿದೆ. ಆದ್ದರಿಂದಲೇ ಹೇಳುತ್ತೇನೆ. ರಾತ್ರಿಯಿಡೀ ಹೂ ಚುಚ್ಚಿದ ಹೆಂಗಸರಿಗೆ ಮಧ್ಯಾಹ್ನ ಮೂರೂವರೆಗೆ ಹಾಲ್‌ನ ಹಿಂಬದಿಯಲ್ಲಿ ಕಾಗದದ ತಟ್ಟೆಯಲ್ಲಿ ಊಟ. ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಮೆರಾದವನ ಹೆಸರಿತ್ತು, ಮೇಕಪ್‌ನವರ ಹೆಸರಿತ್ತು. ಹೂ ಕಟ್ಟಿದವರ ಹೆಸರಿರಲಿಲ್ಲ. ಹೂ ಚುಚ್ಚುವ ಹಸಿರು ಫೋಮ್ ಕೊಳೆಯುವುದಿಲ್ಲ, ಪುಡಿಯಾಗಿ ಚರಂಡಿ ಸೇರುತ್ತದೆ. ಎಣ್ಣೆ ಸವರಿದ ಆ ಐದೂ ಎಲೆಯ ಊಟ ಚೆಂಡುಹೂವಿನ ಜೊತೆ ಒಂದೇ ಚೀಲಕ್ಕೆ ಹೋಯಿತು. ಚೀಲದ ಬಾಯಿ ಕಟ್ಟಿದವಳೂ ನಾನೇ.

"ಒಂದು ದಿನದ ಸಂಭ್ರಮ, ನಿಮಗೇನು ಹೊಟ್ಟೆಯುರಿ?" ಎನ್ನುವವರೂ ಇದ್ದಾರೆ. ಸಂಭ್ರಮ ಪಡಿ, ಸ್ವಾಮಿ. ಫೋಟೋ ತೆಗೆಸಿಕೊಳ್ಳಿ. ಹೂವಿನಿಂದ ಹಾಲ್ ತುಂಬಿಸಿ. ನಾನು ಕೇಳುವುದು ಇಷ್ಟೇ: ಎದುರು ಕೂತವರ ಮುಖ ಮರೆಯಾಗುವಷ್ಟು ಎತ್ತರದ ಹೂಗುಚ್ಛ ಮೇಜಿನ ಮೇಲೆ ಬೇಡ. ಉಣ್ಣಲಾಗದ ಊಟವನ್ನು ಬಡಿಸಬೇಡಿ. ಅಲಂಕರಿಸಿದವರಿಗೂ ಹೊತ್ತಿಗೆ ಸರಿಯಾಗಿ ಒಂದು ಎಲೆ ಹಾಕಿ. ಮತ್ತು ಹಸಿದು ಬಂದವರು ಫ್ರೇಮಿನೊಳಗೆ ಕೂತುಬಿಟ್ಟರೆ ಕ್ಯಾಮೆರಾ ಕಾಯಲಿ.

ಆ ದಿನ ಅಜ್ಜಿಗೆ ಊಟ ಸಿಕ್ಕಿದ್ದು ಒಂದೂಮುಕ್ಕಾಲಿಗೆ, ಮೂರನೇ ಪಂಕ್ತಿಯಲ್ಲಿ. ಫೋಟೋಗಳು ಬಹಳ ಚೆನ್ನಾಗಿ ಬಂದವು. 'ಅಜ್ಜಿ ಮನೆ'ಯ ಒಂದು ಫೋಟೋದಲ್ಲೂ ಅಜ್ಜಿ ಇಲ್ಲ.