ಸಸ್ಯವೈದ್ಯನು ಮೊಬೈಲಿನಲ್ಲಿರುವನೆ?

ಇಂದಿನದು ಮೊಬೈಲಿನ ಯುಗ. ಅಡಿಕೆಯ ಧಾರಣೆಯಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ಎಲ್ಲವೂ ಅಂಗೈಗೆ ಬಂದಿರುವಾಗ, ಬೆಳೆಯ ರೋಗಕ್ಕೆ ಮದ್ದೂ ಅಲ್ಲಿಗೇ ಬಂದುದರಲ್ಲಿ ಆಶ್ಚರ್ಯವಿಲ್ಲ. ಎಲೆಯ ಚಿತ್ರ ತೆಗೆದರೆ ರೋಗದ ಹೆಸರನ್ನೂ ಔಷಧಿಯನ್ನೂ ಹೇಳುವ ಆ್ಯಪುಗಳಿವೆ. ಜರ್ಮನಿಯಲ್ಲಿ ಹುಟ್ಟಿದ ಪ್ಲಾಂಟಿಕ್ಸ್ ಅವುಗಳಲ್ಲೊಂದು. ಭಾರತ ಸರ್ಕಾರವೂ 2024ರ ಆಗಸ್ಟ್ 15ರಂದು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯನ್ನು ಬಳಕೆಗೆ ತಂದಿತು.

ಶಿವಮೊಗ್ಗದಲ್ಲಿ ಕೃಷಿಶಾಸ್ತ್ರ ಓದುತ್ತಿರುವ ನಮ್ಮೂರ ಗೆಳೆಯರು ರಜೆಗೆ ಬಂದಾಗ ಈ ವಿಷಯವಾಗಿ ಚರ್ಚೆ ನಡೆಯುವುದುಂಟು. ಕೆಲವರಿಗೆ ಆ್ಯಪೇ ಗುರು. ಕೆಲವರಿಗೆ ಅದು ಔಷಧಿ ಮಾರುವವರ ಹೂಟ. ಇವೆರಡೂ ಅತಿರೇಕವೆಂದು ನನ್ನ ಅಭಿಪ್ರಾಯ.

ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಎಳೆಯ ಅಡಿಕೆ ಗಿಡಗಳ ಗರಿ ಹಳದಿಗೆ ತಿರುಗಿತು. ಗೆಳೆಯನ ಮೊಬೈಲು ಒಂದು ರೋಗದ ಹೆಸರು ಹೇಳಿತು. ತಂದೆಯವರು ಸಾಲ ಹೇಳಿ ಔಷಧಿ ತಂದು ಹೊಡೆದರು. ಹಳದಿ ಹೋಗಲಿಲ್ಲ. ಕೊನೆಗೆ ಗುದ್ದಲಿ ಹಿಡಿದು ನೋಡಿದರೆ, ಬಸಿಗಾಲುವೆ ಹೂಳಿ ಬುಡದಲ್ಲಿ ನೀರು ನಿಂತಿತ್ತು! ಗರಿಯನ್ನು ಕಂಡ ಮೊಬೈಲು ಬೇರನ್ನು ಕಂಡಿರಲಿಲ್ಲ. ತಪ್ಪು ಯಂತ್ರದ್ದಲ್ಲ, ಒಂದು ಚಿತ್ರದಿಂದಲೇ ತೀರ್ಮಾನಕ್ಕೆ ಬಂದ ನಮ್ಮದು.

ಇನ್ನೂ ಮುಖ್ಯವಾದ ಮಾತೊಂದಿದೆ. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದುದು ನಮ್ಮ ನೆರೆಯ ಶಿವಮೊಗ್ಗದಲ್ಲಿಯೇ. ಅಲ್ಲಿಯ ಕೃಷಿ ವಿಜ್ಞಾನಿಗಳು ಮೆಕ್ಕೆಜೋಳದ ಹೊಲಕ್ಕಿಳಿದು, ಸುಳಿಯಲ್ಲಡಗಿದ ಹುಳುವನ್ನು ಪರೀಕ್ಷಿಸಿ, ಇದು ಹೊಸತೆಂದು ಲೋಕಕ್ಕೆ ತಿಳಿಸಿದರು. ಅದರ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಚುಕ್ಕೆಗಳು. ಇಂದು ಆ್ಯಪುಗಳು ಅದನ್ನು ಗುರುತಿಸುವುದಾದರೆ, ಮೊದಲು ಮನುಷ್ಯರು ಗುರುತಿಸಿ ಹೆಸರಿಟ್ಟ ಚಿತ್ರಗಳಿಂದ ಕಲಿತುದರಿಂದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದುದೂ ಹೀಗೆಯೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಅದನ್ನೇ ಇಂದಿಗೂ ಗೊನೆಗಳಿಗೆ ಹೊಡೆಯುತ್ತೇವೆ.

ನಾಳೆ ಇನ್ನೊಂದು ಹೊಸ ಹುಳು ಬಂದರೆ ಅದನ್ನು ಮೊದಲು ಕಾಣುವವರು ಯಾರು? ಯಂತ್ರವು ತಾನು ಕಲಿಯದ ಹುಳುವಿಗೂ ತನಗೆ ಗೊತ್ತಿರುವ ಹೆಸರನ್ನೇ ಕೊಟ್ಟೀತು. ಆದುದರಿಂದ ಕೃಷಿ ವಿದ್ಯಾರ್ಥಿಗಳು ಹೊಲ ಸುತ್ತುವ ಅಭ್ಯಾಸವನ್ನು ಬಿಟ್ಟರೆ ನಷ್ಟವಾಗುವುದು ಅವರಿಗಲ್ಲ, ರೈತನಿಗೆ.

ಸಹಪಾಠಿಗಳೇ, ಕಲಾ ವಿದ್ಯಾರ್ಥಿಗಳಾದ ನಮಗೂ ಇದರಲ್ಲಿ ಹೊಣೆಯಿದೆ. ಎಷ್ಟೋ ಮನೆಗಳಲ್ಲಿ ತಂದೆಯವರ ಪರವಾಗಿ ಮೊಬೈಲು ಹಿಡಿಯುವವರು ನಾವೇ ಅಲ್ಲವೆ? ಚಿತ್ರವನ್ನು ಅವಶ್ಯವಾಗಿ ತೆಗೆಯೋಣ. ಆದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಬುಡದ ಮಣ್ಣನ್ನು ಬಿಡಿಸಿ ನೋಡೋಣ. ತಿಳಿದ ಹಿರಿಯರನ್ನೂ ರೈತ ಸಂಪರ್ಕ ಕೇಂದ್ರದವರನ್ನೂ ಕೇಳೋಣ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಬೆನ್ನಿನ ಹುಣ್ಣಿಗೆ ಬೇಕು. ಮೊಬೈಲು ಅಂಥ ಕನ್ನಡಿಯಾಗಿರಲಿ. ಕಣ್ಣು ನಮ್ಮದೇ ಆಗಿರಲಿ.