ಟೀ ಚೆಲ್ಲಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೇ ಕಂಪ್ಯೂಟರ್ ಕೆಡೋದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಸುದ್ದಿಗೆಂದು ಓಡಾಡುವ ನಮಗೆ ಪಂಚಾಯಿತಿ, ನಾಡಕಚೇರಿ, ಗ್ರಾಮ ಒನ್, ಹೈಸ್ಕೂಲು, ಹಾಲಿನ ಡೇರಿ ಎಲ್ಲ ಕಡೆ ಕಂಪ್ಯೂಟರ್ ಕಾಣುತ್ತದೆ. ಅದರ ಪಕ್ಕದಲ್ಲೇ ಟೀ ಲೋಟವೂ ಕಾಣುತ್ತದೆ.

ಲೋಟ ಇದ್ದ ಮೇಲೆ ಒಂದಲ್ಲ ಒಂದು ದಿನ ಚೆಲ್ಲುತ್ತದೆ. ಆಮೇಲೆ ಏನಾಗುತ್ತದೆ ಅನ್ನೋದೇ ಪ್ರಶ್ನೆ. ಸಾಮಾನ್ಯವಾಗಿ ನಡೆಯೋದು ಹೀಗೆ: ಚೆಲ್ಲಿದವರು ಸುತ್ತ ನೋಡುತ್ತಾರೆ, ಟವೆಲ್ಲಿನಲ್ಲಿ ಒರೆಸುತ್ತಾರೆ, "ಆನ್ ಆಗುತ್ತಾ ನೋಡೋಣ" ಅಂತ ಬಟನ್ ಒತ್ತುತ್ತಾರೆ. ಆನ್ ಆದರೆ "ಸದ್ಯ, ಏನೂ ಆಗಿಲ್ಲ" ಅಂತ ಸುಮ್ಮನಾಗುತ್ತಾರೆ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ದುಡ್ಡು ಕಟ್ಟಬೇಕು ಅನ್ನೋ ಭಯ. ವಾರವೋ ಹದಿನೈದು ದಿನವೋ ಕಳೆದ ಮೇಲೆ ಮೆಷಿನ್ ಸತ್ತುಹೋಗುತ್ತದೆ. ನಮ್ಮ ಮಾತು ಇಷ್ಟೇ: ಟೀ ಮಾಡುವ ಹಾನಿಗಿಂತ ಈ ಆತುರ, ಈ ಹೆದರಿಕೆ ಮಾಡುವ ಹಾನಿ ದೊಡ್ಡದು. ಎರಡನ್ನೂ ತಪ್ಪಿಸಬಹುದು.

ಮೊದಲು ಕಾರಣ ತಿಳಿದುಕೊಳ್ಳೋಣ. ಅಪ್ಪಟ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಉಪ್ಪು, ಆಮ್ಲ ಬೆರೆತ ನೀರಿನಲ್ಲಿ ಹರಿಯುತ್ತದೆ. ಟೀ, ಮಜ್ಜಿಗೆ, ಎಳನೀರು, ಕೋಲಾ ಎಲ್ಲವೂ ಈ ಜಾತಿಯವೇ. ಬೋರ್ಡಿನ ಮೇಲೆ ಒದ್ದೆ ಇದ್ದಾಗ ಕರೆಂಟ್ ಕೊಟ್ಟರೆ ಸೇರಬಾರದ ಎರಡು ದಾರಿ ಸೇರಿ ಚಿಪ್ ಸುಡಬಹುದು. ಸುಡದಿದ್ದರೂ ತಾಮ್ರದ ಗೆರೆಗಳನ್ನು ಆ ಒದ್ದೆ ನಿಧಾನವಾಗಿ ತಿನ್ನುತ್ತದೆ. ಹಸಿರು, ಬಿಳಿ ಪುಡಿ ಕಟ್ಟೋದು ಇದರಿಂದಲೇ. ಇನ್ನು ಸಕ್ಕರೆ ಮತ್ತು ಹಾಲು ಒಣಗಿದರೂ ಹೋಗುವುದಿಲ್ಲ. ಕೀ ಅಂಟುತ್ತದೆ, ಇರುವೆ ಬರುತ್ತದೆ.

ಹಾಗಾಗಿ ಚೆಲ್ಲಿದ ಕೂಡಲೇ ಮಾಡಬೇಕಾದ ಕೆಲಸ ಒರೆಸೋದಲ್ಲ, ಕರೆಂಟ್ ತೆಗೆಯೋದು. "ಸೇವ್ ಮಾಡಿ ಆಫ್ ಮಾಡ್ತೀನಿ" ಅನ್ನುವ ಅರ್ಧ ನಿಮಿಷವೂ ಬೇಡ. ಟೈಪ್ ಮಾಡಿದ ಅರ್ಜಿ ಹೋದರೆ ಇನ್ನೊಮ್ಮೆ ಟೈಪ್ ಮಾಡಬಹುದು. ನಮ್ಮ ಕಡೆ ಇನ್ನೊಂದು ಮಾತು ನೆನಪಿಡಬೇಕು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಡೆಸ್ಕ್‌ಟಾಪ್‌ಗಳೆಲ್ಲ ಯುಪಿಎಸ್ ಮೇಲೆ ಇರುತ್ತವೆ. ಗೋಡೆಯ ಸ್ವಿಚ್ ಆರಿಸಿದರೂ ಯುಪಿಎಸ್ ಕರೆಂಟ್ ಕೊಡುತ್ತಲೇ ಇರುತ್ತದೆ. ಅದನ್ನೂ ಆರಿಸಿ. ಟೀ ಹರಿದು ಯುಪಿಎಸ್ಸಿಗೋ ಪ್ಲಗ್ ಬೋರ್ಡಿಗೋ ಹೋಗಿದ್ದರೆ ಕೈ ಹಾಕಬೇಡಿ, ಮೇನ್ ಸ್ವಿಚ್ಚನ್ನೇ ಇಳಿಸಿ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ. ಬ್ಯಾಟರಿ ಒಳಗೇ ಇದ್ದರೆ, ಆಫ್ ಮಾಡಿದ ಮೇಲೂ ಬೋರ್ಡಿನ ಕೆಲವು ಭಾಗಕ್ಕೆ ಕರೆಂಟ್ ಹೋಗುತ್ತಲೇ ಇರುತ್ತದೆ, ಅದಕ್ಕೇ ಬೇಗ ರಿಪೇರಿಯವರ ಹತ್ತಿರ ಒಯ್ಯಬೇಕು. ಅಲ್ಲಿಯವರೆಗೆ ಲ್ಯಾಪ್‌ಟಾಪನ್ನು ತೆರೆದು, ಕೀಬೋರ್ಡ್ ಕೆಳಮುಖವಾಗುವಂತೆ ಟೆಂಟಿನ ಹಾಗೆ ಬಟ್ಟೆಯ ಮೇಲೆ ನಿಲ್ಲಿಸಿ. ಅಲುಗಾಡಿಸಬೇಡಿ, ಅಲುಗಾಡಿಸಿದರೆ ಹೋಗದ ಜಾಗಕ್ಕೂ ಟೀ ಹೋಗುತ್ತದೆ.

ಅಕ್ಕಿ ಡಬ್ಬಕ್ಕೆ ಹಾಕೋದನ್ನು ಬಿಟ್ಟುಬಿಡಿ. ಆಪಲ್ ಕಂಪನಿ ಕೂಡ ಒದ್ದೆ ಫೋನನ್ನು ಅಕ್ಕಿಯಲ್ಲಿ ಇಡಬೇಡಿ, ಅದರ ಸಣ್ಣ ಕಣಗಳು ಒಳಗೆ ಹೋಗಿ ಹಾನಿ ಮಾಡಬಹುದು ಎಂದು ಹೇಳಿದೆ. ಅಕ್ಕಿ ಬದಲು ರಾಗಿ ಅಂದರೆ ಇನ್ನೂ ಕಷ್ಟ, ಕಾಳು ಇರೋಬರೋ ತೂತಿಗೆಲ್ಲ ಕೂರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಾರಸಿ ಮೇಲೆ ಇಡೋದೂ ಬೇಡ, ಪರದೆಗೂ ಬ್ಯಾಟರಿಗೂ ಅದು ಒಳ್ಳೆಯದಲ್ಲ. ನೆರಳು, ಫ್ಯಾನಿನ ಗಾಳಿ, ಒಂದೆರಡು ದಿನದ ತಾಳ್ಮೆ, ಇಷ್ಟು ಸಾಕು.

ಆದರೆ ಸಕ್ಕರೆ ಇದ್ದದ್ದು ಚೆಲ್ಲಿದರೆ ಬರೀ ಒಣಗಿಸೋದು ಸಾಲದು, ತೊಳೆಯಲೇಬೇಕು. ಯಾವ ನೀರಿನಲ್ಲಿ ಅನ್ನೋದು ನಮ್ಮ ನಾಲ್ಕು ತಾಲ್ಲೂಕಿನ ಮುಖ್ಯ ಪ್ರಶ್ನೆ. ಪಾವಗಡದ ಬೋರ್ ನೀರಿನ ಫ್ಲೋರೈಡ್ ಕಥೆ ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೆ ತೊಂದರೆ ಕೊಡೋದು ಬೋರ್ ನೀರಿನ ಗಡಸುತನ. ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಬೋರ್ಡಿನ ಮೇಲೂ ಉಳಿಯುತ್ತದೆ. ಕುಡಿಯುವ ನೀರಿನ ಘಟಕದ ನೀರು ಅದಕ್ಕಿಂತ ವಾಸಿ, ಆದರೆ ಅದರಲ್ಲೂ ಸ್ವಲ್ಪ ಲವಣ ಇರುತ್ತದೆ. ಸರಿಯಾದದ್ದು ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ಇನ್ವರ್ಟರ್, ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕೋದು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯವರು ಆಸಿಡ್ ಕೊಟ್ಟುಬಿಟ್ಟಾರು, ಕೇಳಿಯೇ ತನ್ನಿ.

ಮನೆಯಲ್ಲೇ ಮಾಡಬಹುದಾದ ಕೆಲಸ ವೈರಿನ ಕೀಬೋರ್ಡ್ ಒಂದೇ. ಹಿಂದಿನ ಸ್ಕ್ರೂ ಬಿಚ್ಚಿ, ಕೀಗಳಿರುವ ಪ್ಲಾಸ್ಟಿಕ್ ಭಾಗವನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಒಳಗಿನ ತೆಳು ಹಾಳೆಗಳನ್ನು ಬ್ಯಾಟರಿ ನೀರಿನ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಪೂರ್ತಿ ಒಣಗಿದ ಮೇಲೆ ಜೋಡಿಸಿ. ನಾವು ಸಿಪಿಯು ಅಂತ ಕರೆಯುವ ಡಬ್ಬದೊಳಗಿನ ಬೋರ್ಡ್, ರ‍್ಯಾಮ್, ಲ್ಯಾಪ್‌ಟಾಪಿನ ಒಳಭಾಗ ಇವೆಲ್ಲ ರಿಪೇರಿಯವರ ಕೆಲಸ. ಅವರು ಐಪಿಎ ಅನ್ನುವ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜುತ್ತಾರೆ. ಅದು ಬೇಗ ಆರುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಅದರ ಬದಲು ಕೊರೊನಾ ಕಾಲದ ಸ್ಯಾನಿಟೈಸರ್ ಸಾಕು ಅನ್ನಬೇಡಿ, ಅದರಲ್ಲಿ ಗ್ಲಿಸರಿನ್‌ನಂಥ ಅಂಟು ಇರುತ್ತದೆ. ಪೆಟ್ರೋಲ್, ಥಿನ್ನರ್ ಕೇಳಲೇಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಕರೆಂಟ್ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ. ಹಾರ್ಡ್ ಡಿಸ್ಕನ್ನೂ ಬಿಚ್ಚಬೇಡಿ. ಮೆಷಿನ್ ಸತ್ತರೂ ಡಿಸ್ಕ್ ಚೆನ್ನಾಗಿದ್ದರೆ ಫೈಲುಗಳು ಬೇರೆ ಕಂಪ್ಯೂಟರಿನಲ್ಲಿ ಸಿಗುತ್ತವೆ.

ರಿಪೇರಿಯವರ ಮುಂದೆ ನಿಜ ಹೇಳಿ. "ಹಾಗೇ ಆಫ್ ಆಯ್ತು ಅಣ್ಣ" ಅಂದರೆ ಅವರು ಪವರ್ ಕೊಟ್ಟೇ ಪರೀಕ್ಷೆ ಮಾಡುತ್ತಾರೆ, ಉಳಿದಿದ್ದೂ ಹೋಗುತ್ತದೆ. ಟೀಯೋ ಎಳನೀರೋ, ಎಷ್ಟು ಹೊತ್ತಾಯಿತು, ಎಲ್ಲ ಹೇಳಿ.

ಈಗ ದುಡ್ಡಿನ ಮಾತು. ನೀರು ಬಿದ್ದು ಕೆಟ್ಟರೆ ಸಾಮಾನ್ಯ ವಾರಂಟಿ ಬರುವುದಿಲ್ಲ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ ₹370. ₹20,000ದ ಒಂದು ಲ್ಯಾಪ್‌ಟಾಪ್ ಅಂದರೆ 54 ದಿನದ ಕೂಲಿ. ಮಗಳ ಕೈಗೆ ಬಂದ ಲ್ಯಾಪ್‌ಟಾಪಿನ ಮೇಲೆ ಟೀ ಬಿದ್ದರೆ ಆ ಮಗು ಮನೆಯಲ್ಲಿ ಹೇಳದೆ ಮುಚ್ಚಿಡುವುದರಲ್ಲಿ ಆಶ್ಚರ್ಯವೇನಿದೆ? ಆಪರೇಟರ್ ಕಥೆಯೂ ಅಷ್ಟೇ. ಅವನ ಸಂಬಳವೋ ಕಮಿಷನ್ನೋ ಕಡಿಮೆ, ಕೆಟ್ಟರೆ ಅವನ ತಲೆಗೇ ಬರುತ್ತದೆ. ಅವನು ಮುಚ್ಚಿಟ್ಟ ಟೀ ಹದಿನೈದು ದಿನದ ಮೇಲೆ ಯಾರದೋ ಪಹಣಿ, ಯಾರದೋ ಜಾತಿ ಪ್ರಮಾಣಪತ್ರ, ಯಾರದೋ ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನವನ್ನು ನುಂಗುತ್ತದೆ. "ಸಿಸ್ಟಮ್ ಕೆಟ್ಟಿದೆ, ನಾಳೆ ಬನ್ನಿ" ಅನ್ನೋ ಮಾತಿಗೆ ಒಂದು ದಿನದ ಕೂಲಿ ಕಳೆದುಕೊಳ್ಳುವವರು ನಾವೇ, ನೀವೇ.

"ಟೀ ತರಬೇಡಿ ಅಂತ ಬೋರ್ಡ್ ಹಾಕಿದರೆ ಮುಗೀತಲ್ಲ" ಅನ್ನುವವರಿದ್ದಾರೆ. ಬಂದವರಿಗೆ ಟೀ ಕೊಡದ ಆಫೀಸು ನಮ್ಮ ಸೀಮೆಯಲ್ಲಿ ಎಷ್ಟು ದಿನ ನಡೆದೀತು? ಟೀಗೊಂದು ಬೇರೆ ಸ್ಟೂಲ್ ಹಾಕಿ, ಕಂಪ್ಯೂಟರ್ ಟೇಬಲ್ಲಿಗಿಂತ ತಗ್ಗಿನಲ್ಲಿ. ಅದು ಬೋರ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇನ್ನು ಕೆಲವು ಶಾಲೆಗಳಲ್ಲಿ ಮಕ್ಕಳು ಕೆಡಿಸುತ್ತಾರೆ ಅಂತ ಲ್ಯಾಬಿಗೆ ಬೀಗ ಹಾಕಿ, ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಇಡುವುದುಂಟು. ಧೂಳು ತಿಂದು ಅದೂ ಕೆಡುತ್ತದೆ, ಮಕ್ಕಳೂ ಕಲಿಯುವುದಿಲ್ಲ.

ನಾವು ಕೇಳುವುದು ದೊಡ್ಡ ಯೋಜನೆಯಲ್ಲ. ನಾಲ್ಕೂ ತಾಲ್ಲೂಕಿನ ಬಿಇಒಗಳು, ಪಿಡಿಒಗಳು ಮನಸ್ಸು ಮಾಡಿದರೆ ಸಾಕು. ಪ್ರತಿ ಶಾಲೆ, ಪಂಚಾಯಿತಿ, ಅರಿವು ಕೇಂದ್ರದ ಕಂಪ್ಯೂಟರ್ ಮುಂದೆ ಒಂದು ಲ್ಯಾಮಿನೇಷನ್ ಹಾಳೆ ಇರಲಿ: ಕರೆಂಟ್ ತೆಗಿ, ಯುಪಿಎಸ್ ಆರಿಸು, ಮಗುಚಿ ಇಡು, ಆನ್ ಮಾಡಬೇಡ, ಹೇಳು. ಒಂದು ಬಾಟಲಿ ಬ್ಯಾಟರಿ ನೀರು, ಒಂದು ಸ್ಕ್ರೂಡ್ರೈವರ್, ರಿಪೇರಿ ಅಂಗಡಿಯ ಫೋನ್ ನಂಬರ್ ಇರಲಿ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ, ಅಲ್ಲಿ ಆಗದಿದ್ದರೆ ಮಧುಗಿರಿ ದಾಟಿ ತುಮಕೂರಿಗೆ ಮೆಷಿನ್ ಹೊತ್ತುಕೊಂಡು ಹೋಗುವವರಿಗೆ ಮೊದಲ ಹತ್ತು ನಿಮಿಷದ ತಿಳಿವಳಿಕೆಯೇ ದೊಡ್ಡ ಉಳಿತಾಯ.

ಎಲ್ಲಕ್ಕಿಂತ ಮೊದಲು ಒಂದು ನಿಯಮ ಬೇಕು. ಅದೇ ದಿನ ಹೇಳಿದವರಿಗೆ ದಂಡ ಇಲ್ಲ, ಬೈಗುಳವೂ ಇಲ್ಲ. ರಿಪೇರಿಗೆ ಕಚೇರಿಯ ದುಡ್ಡೇ ಹೋಗಲಿ. ಮನೆಯಲ್ಲೂ ಅಷ್ಟೇ. ಇವತ್ತೇ ನಿಮ್ಮ ಮಗನಿಗೋ ಮಗಳಿಗೋ ಒಂದು ಮಾತು ಹೇಳಿಡಿ: "ಏನಾದರೂ ಚೆಲ್ಲಿದರೆ ಮೊದಲು ಪ್ಲಗ್ ಕಿತ್ತು ನಮ್ಮನ್ನು ಕೂಗು. ಬೈಯಲ್ಲ."